ಮನೆಯಲ್ಲೇ ವೆಬ್ ಸರ್ವರ್ ಕಲಿಯಲು ಯಾವ ಲಿನಕ್ಸ್ ಹಾಕಿಕೊಳ್ಳಲಿ?

ಪ್ರಶ್ನೆ: ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಚೆನ್ನಾಗಿ ಬರುತ್ತದೆ, ಪಿಎಚ್‌ಪಿ ತಕ್ಕಮಟ್ಟಿಗೆ ಗೊತ್ತು. ಸರ್ವರ್ ಕಡೆಯ ಕೆಲಸವನ್ನೂ ಮನೆಯಲ್ಲೇ ಕಲಿಯಬೇಕು ಅಂದುಕೊಂಡಿದ್ದೇನೆ. 8 ಜಿಬಿ ಮೆಮೊರಿಯ ವಿಂಡೋಸ್ ಲ್ಯಾಪ್‌ಟಾಪ್ ಇದೆ, 4 ಜಿಬಿಯ ಹಳೆಯದೊಂದು ಮೂಲೆಯಲ್ಲಿ ಬಿದ್ದಿದೆ. ಒಬ್ಬರು ಉಬುಂಟು ಅನ್ನುತ್ತಾರೆ, ಇನ್ನೊಬ್ಬರು ಫೆಡೋರಾ, ಮತ್ತೊಬ್ಬರು ‘ಆರ್ಚ್ ಹಾಕಿದರೆ ಮಾತ್ರ ನಿಜವಾಗಿ ಕಲಿಯುತ್ತೀಯ’ ಅನ್ನುತ್ತಾರೆ. ಯಾವುದು ಸರಿ? ಡ್ಯುಯಲ್ ಬೂಟ್ (ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಪಕ್ಕಪಕ್ಕ ಹಾಕುವುದು) ಮಾಡಿಕೊಳ್ಳಲೇ?

ಉತ್ತರ: ಡೆಬಿಯನ್ 13 ಹಾಕಿಕೊಳ್ಳಿ, ಡೆಸ್ಕ್‌ಟಾಪ್ ಇಲ್ಲದೆ, 8 ಜಿಬಿ ಲ್ಯಾಪ್‌ಟಾಪಿನ ವಿಂಡೋಸ್ ಒಳಗೇ ಒಂದು ವರ್ಚುವಲ್ ಮಶೀನ್ (ಸಾಫ್ಟ್‌ವೇರ್ ಸೃಷ್ಟಿಸುವ ಕಂಪ್ಯೂಟರ್) ಆಗಿ. ಡ್ಯುಯಲ್ ಬೂಟ್ ಬೇಡ. ಹಳೆಯ ಲ್ಯಾಪ್‌ಟಾಪ್ ಎರಡನೇ ಹಂತಕ್ಕೆ ಇರಲಿ.

ನಿಮಗೆ ಸಲಹೆ ಕೊಟ್ಟವರು ಬಹುಶಃ ತಾವು ದಿನವೂ ಎದುರಿಗೆ ಕೂತು ಕೆಲಸ ಮಾಡುವ ಡೆಸ್ಕ್‌ಟಾಪ್ ಬಗ್ಗೆ ಹೇಳಿದ್ದಾರೆ. ಅದರ ಚಂದ, ಹೊಸತನ, ಗೇಮ್ ಓಡುತ್ತದೋ ಇಲ್ಲವೋ ಇವೆಲ್ಲ ಸರ್ವರಿಗೆ ಸಂಬಂಧವಿಲ್ಲದ ಮಾತು. ಸರ್ವರಿಗೆ ಪರದೆಯೇ ಇರುವುದಿಲ್ಲ. ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದಿಂದಲೇ ಕಮಾಂಡ್ ಕೊಡುವ ಸುರಕ್ಷಿತ ಸಂಪರ್ಕ) ಮೂಲಕ ಒಳಹೋಗುವುದು, ಕಾನ್ಫಿಗರೇಷನ್ ಬದಲಿಸುವುದು, ಕೆಡಿಸುವುದು, ಲಾಗ್ ಓದಿ ಸರಿಪಡಿಸುವುದು: ಕಲಿಕೆ ಅಂದರೆ ಇದೇ. ಹಾಗಾಗಿ ಕೆಡಿಸಲು ಹೆದರಿಕೆಯಿಲ್ಲದ ಮಶೀನ್ ಮೊದಲು ಬೇಕು. ಡ್ಯುಯಲ್ ಬೂಟ್‌ನಲ್ಲಿ ಪಾರ್ಟಿಷನ್ ಕೈತಪ್ಪಿದರೆ ವಿಂಡೋಸ್‌ನಲ್ಲಿದ್ದ ಫೋಟೊ, ದಾಖಲೆಗಳೂ ಹೋಗುತ್ತವೆ. ಜೊತೆಗೆ ಬ್ರೌಸರೂ ಸರ್ವರೂ ಒಂದೇ ಮಶೀನಿನಲ್ಲಿ ಇದ್ದುಬಿಟ್ಟರೆ ಫೈರ್‌ವಾಲ್ (ಸಂಪರ್ಕಗಳನ್ನು ತಡೆಯುವ ಕಾವಲು), ಪೋರ್ಟ್ (ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲು), ಐಪಿ ವಿಳಾಸದ ತೊಡಕುಗಳು ಕಣ್ಣಿಗೇ ಬೀಳುವುದಿಲ್ಲ. ನಿಜವಾದ ಸರ್ವರಿನಲ್ಲಿ ಅರ್ಧ ಹೊತ್ತು ಹೋಗುವುದು ಅವುಗಳಲ್ಲೇ.

ಇನ್ನು ಡೆಬಿಯನ್ ಯಾಕೆ? ಹೊಸಬರಿಗೆ ಬೇಕಾದ ಗುಣ ಒಂದೇ: ಇವತ್ತು ಏನಾದರೂ ಕೆಟ್ಟರೆ ಅದನ್ನು ಕೆಡಿಸಿದ್ದು ನೀವೇ ಎಂಬ ಖಾತರಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಪಿಎಚ್‌ಪಿ 8.4, ಪೈಥಾನ್ 3.13, ಪೋಸ್ಟ್‌ಗ್ರೆಎಸ್‌ಕ್ಯೂಎಲ್ 17 ಇವೆ. ಈ ಆವೃತ್ತಿ ಇರುವಷ್ಟು ಕಾಲವೂ ಇವೇ ಇರುತ್ತವೆ. ಭದ್ರತೆಯ ತೇಪೆಗಳನ್ನು ಹಳೆಯ ಆವೃತ್ತಿಗೇ ಹಚ್ಚಿ ಕೊಡುತ್ತಾರೆ, ಕಾನ್ಫಿಗರೇಷನ್ನಿನ ವ್ಯಾಕರಣ ಬದಲಾಗುವುದಿಲ್ಲ. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ, ಒಟ್ಟು ಐದು. ಆವೃತ್ತಿ ಸಂಖ್ಯೆ ಹಳೆಯದಾಗಿ ಕಂಡಿತೆಂದು ‘ಇದು ಅಸುರಕ್ಷಿತ’ ಎಂದು ತೀರ್ಮಾನಿಸಬೇಡಿ. ಪ್ಯಾಕೇಜಿನ ಆವೃತ್ತಿ ಸಂಖ್ಯೆಯ ಬಾಲದಲ್ಲಿ ‘ಡೆಬ್13ಯು1’ ಎಂಬಂಥದ್ದೇನಾದರೂ ಇದ್ದರೆ ತೇಪೆ ಬಿದ್ದಿದೆ ಎಂದೇ ಅರ್ಥ.

ಆರ್ಚ್ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ಯಾಕೇಜುಗಳು ಸದಾ ಹೊಸದಾಗುತ್ತಲೇ ಇರುತ್ತವೆ. ನಿನ್ನೆ ಓಡುತ್ತಿದ್ದ ಪಿಎಚ್‌ಪಿ ಪುಟ ಇವತ್ತು ಓಡದಿದ್ದರೆ ತಪ್ಪು ನಿಮ್ಮ ಕೋಡಿನದೋ ರಾತ್ರಿ ಬಂದ ಅಪ್‌ಡೇಟಿನದೋ ಎಂದು ಬಿಡಿಸಲು ಅನುಭವ ಬೇಕು, ಆ ಅನುಭವ ಬರಲೆಂದೇ ನೀವು ಹೊರಟಿರುವುದು. ಆರ್ಚ್ ಹಾಕುವಾಗ ಡಿಸ್ಕ್, ಬೂಟ್‌ಲೋಡರ್ ಬಗ್ಗೆ ತುಂಬ ಕಲಿಯಬಹುದು ಎನ್ನುವುದು ನಿಜ, ಆದರೆ ಅದು ಬೇರೆ ಪಾಠ. ಫೆಡೋರಾದ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಆಯಸ್ಸು. ಡೆಸ್ಕ್‌ಟಾಪಿಗೆ ಸೊಗಸು, ಸರ್ವರ್ ಕಲಿಕೆಗೆ ಅವಸರ. ಕಾಲಿ ಲಿನಕ್ಸ್ ಭದ್ರತಾ ಪರೀಕ್ಷೆಯ ಸಲಕರಣೆ ಪೆಟ್ಟಿಗೆ, ಅದರ ಮೇಲೆ ಸೈಟ್ ನಡೆಸುವುದಿಲ್ಲ. ಆಲ್ಪೈನ್ ತುಂಬ ಚಿಕ್ಕದು, ಕಂಟೇನರಿಗೆ (ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದ್ದರ ಜೊತೆ ಕಟ್ಟಿಟ್ಟ ಪೊಟ್ಟಣ) ಹೇಳಿ ಮಾಡಿಸಿದ್ದು. ಆದರೆ ಅದರ ಸಿ ಲೈಬ್ರರಿ (ಬಹುತೇಕ ಪ್ರೋಗ್ರಾಂಗಳು ನೆಚ್ಚುವ ಮೂಲ ಕೋಡ್) ಮಸಲ್, ಉಳಿದವುಗಳ ಹಾಗೆ ಗ್ಲಿಬ್‌ಸಿ ಅಲ್ಲ. ಬೇರೆಡೆ ಓಡುವ ಸಿದ್ಧ ಬೈನರಿಗಳು ಅಲ್ಲಿ ಮುಗ್ಗರಿಸುತ್ತವೆ.

ಉಬುಂಟು 24.04 ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ ಆವೃತ್ತಿ) ಹಾಕಿಕೊಂಡರೂ ತಪ್ಪೇನಿಲ್ಲ. ಅದು ಡೆಬಿಯನ್ನಿನ ಕೂಸೇ, ಕಮಾಂಡುಗಳೆಲ್ಲ ಅವೇ, ಐದು ವರ್ಷ ಬೆಂಬಲ. ಎಲ್‌ಟಿಎಸ್ ಅಲ್ಲದ ಆವೃತ್ತಿಗೆ 9 ತಿಂಗಳಷ್ಟೇ ಆಯಸ್ಸು, ಅದನ್ನು ಮಾತ್ರ ಮುಟ್ಟಬೇಡಿ. ಉಬುಂಟುವಿನಲ್ಲಿ ಮೊದಲ ದಿನವೇ ಎದುರಾಗುವ ಎರಡು ತೊಡಕುಗಳಿವೆ. ಸರ್ವರ್ ಇನ್‌ಸ್ಟಾಲರ್ ತಾನಾಗಿ ಎಲ್‌ವಿಎಂ (ಡಿಸ್ಕಿನ ಭಾಗಗಳನ್ನು ಆಮೇಲೂ ಹಿಗ್ಗಿಸಬಲ್ಲ ವ್ಯವಸ್ಥೆ) ಬಳಸುತ್ತದೆ, ಮತ್ತು 20ರಿಂದ 200 ಜಿಬಿವರೆಗಿನ ಡಿಸ್ಕಿನಲ್ಲಿ ಅರ್ಧವನ್ನು ಮಾತ್ರ ರೂಟ್ ಪಾರ್ಟಿಷನ್ನಿಗೆ ಕೊಟ್ಟು ಮಿಕ್ಕದ್ದನ್ನು ಖಾಲಿ ಬಿಡುತ್ತದೆ. ‘25 ಜಿಬಿ ಕೊಟ್ಟಿದ್ದೆ, 12 ಮಾತ್ರ ಕಾಣುತ್ತಿದೆ’ ಎಂಬ ದೂರಿನ ಮೂಲ ಇದೇ. ಇನ್‌ಸ್ಟಾಲ್ ಮಾಡುವಾಗಲೇ ಸ್ಟೋರೇಜ್ ಪರದೆಯಲ್ಲಿ ಅಳತೆ ಹಿಗ್ಗಿಸಿ, ಅಥವಾ ಆಮೇಲೆ ‘ಎಲ್‌ವಿಎಕ್ಸ್‌ಟೆಂಡ್ -ಆರ್’ ಕಮಾಂಡಿನಿಂದ ಬೆಳೆಸಿ. ಎರಡನೆಯದು ಎಸ್‌ಎಸ್‌ಎಚ್ ಪೋರ್ಟ್. 22.10ರಿಂದ ಈಚೆಗೆ ಅದು ಸಾಕೆಟ್ ಮೂಲಕ, ಅಂದರೆ ಸಂಪರ್ಕ ಬಂದಾಗ ಮಾತ್ರ, ಎಚ್ಚರವಾಗುವ ಸೇವೆ. ಪೋರ್ಟ್ ಸಂಖ್ಯೆ ಬದಲಿಸಿ ಎಸ್‌ಎಸ್‌ಎಚ್ ಸೇವೆಯನ್ನಷ್ಟೇ ರಿಸ್ಟಾರ್ಟ್ ಮಾಡಿದರೆ ಏನೂ ಬದಲಾಗುವುದಿಲ್ಲ. ‘ಡೀಮನ್-ರೀಲೋಡ್’ ಮಾಡಿ ‘ಎಸ್‌ಎಸ್‌ಎಚ್.ಸಾಕೆಟ್’ ಅನ್ನು ರಿಸ್ಟಾರ್ಟ್ ಮಾಡಬೇಕು. ಡೆಬಿಯನ್ನಿನಲ್ಲಿ ಇಂಥ ಅಧಿಕ ಪದರಗಳು ಕಡಿಮೆ. ನಾನು ಅದನ್ನು ಮುಂದೆ ಇಡುವುದು ಅಷ್ಟೇ ಕಾರಣಕ್ಕೆ.

ವರ್ಚುವಲ್ ಮಶೀನ್ ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಹೊಸ ಮಶೀನಿಗೆ 2 ಜಿಬಿ ಮೆಮೊರಿ, 2 ಸಿಪಿಯು, 20 ಜಿಬಿ ಡಿಸ್ಕ್ ಕೊಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು: 8 ಜಿಬಿಯಲ್ಲಿ ವಿಂಡೋಸ್, ಬ್ರೌಸರ್, ಎಡಿಟರ್ ಎಲ್ಲ ಓಡಬೇಕಲ್ಲ, ಇದಕ್ಕಿಂತ ಹೆಚ್ಚು ಕೊಟ್ಟರೆ ಎರಡೂ ಕಡೆ ತೆವಳುತ್ತವೆ. ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ನಿಗೆ 1 ಜಿಬಿಯೂ ನಡೆಯುತ್ತದೆ. ಆದರೆ 13ನೇ ಆವೃತ್ತಿಯಿಂದ ‘ಟೆಂಪ್’ ಡೈರೆಕ್ಟರಿ ಡಿಸ್ಕಿನಲ್ಲಿಲ್ಲ, ಮೆಮೊರಿಯಲ್ಲಿದೆ, ಗರಿಷ್ಠ ಮಿತಿ ಮೆಮೊರಿಯ ಅರ್ಧ. ದೊಡ್ಡ ಕಡತವನ್ನು ಅಲ್ಲಿ ಬಿಚ್ಚಲು ಹೋದರೆ ಡಿಸ್ಕ್ ಖಾಲಿಯಿದ್ದರೂ ‘ಜಾಗವಿಲ್ಲ’ ಎನ್ನುತ್ತದೆ.

ಇನ್‌ಸ್ಟಾಲ್ ಮಾಡುವಾಗ ಎರಡು ಪರದೆಗಳಲ್ಲಿ ನಿಧಾನಿಸಿ. ರೂಟ್ (ಎಲ್ಲ ಅಧಿಕಾರವೂ ಇರುವ ಖಾತೆ) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟು ಮುಂದೆ ಹೋಗಿ. ಖಾಲಿ ಬಿಟ್ಟರೆ ರೂಟ್ ಲಾಗಿನ್ ಮುಚ್ಚಿ, ನಿಮ್ಮ ಖಾತೆಗೆ ಸುಡೊ (ರೂಟ್ ಆಗಿ ಕಮಾಂಡ್ ಓಡಿಸುವ) ಅಧಿಕಾರ ಸಿಗುತ್ತದೆ. ಪಾಸ್‌ವರ್ಡ್ ತುಂಬಿದರೆ ನಿಮ್ಮ ಖಾತೆಗೆ ಆ ಅಧಿಕಾರ ಸಿಗುವುದಿಲ್ಲ, ಮೊದಲ ‘ಸುಡೊ ಆಪ್ಟ್ ಅಪ್‌ಡೇಟ್’ (ಆಪ್ಟ್ ಅಂದರೆ ಪ್ಯಾಕೇಜ್ ಹಾಕುವ ಸಲಕರಣೆ) ಹೊಡೆದಾಗಲೇ ಗಾಡಿ ನಿಲ್ಲುತ್ತದೆ. ಮುಂದೆ ಸಾಫ್ಟ್‌ವೇರ್ ಆಯ್ಕೆಯ ಪರದೆ. ಅಲ್ಲಿ ಡೆಸ್ಕ್‌ಟಾಪ್, ಗ್ನೋಮ್ ಎರಡರ ಗುರುತನ್ನೂ ತೆಗೆಯಿರಿ. ‘ಎಸ್‌ಎಸ್‌ಎಚ್ ಸರ್ವರ್’ ಮತ್ತು ‘ಸ್ಟಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್’ ಮಾತ್ರ ಇರಲಿ. ‘ವೆಬ್ ಸರ್ವರ್’ ಎಂಬ ಆಯ್ಕೆಯೂ ಕಾಣುತ್ತದೆ, ಆಸೆಪಡಬೇಡಿ. ಅದು ಸದ್ದಿಲ್ಲದೆ ಅಪಾಚೆ ಎಂಬ ವೆಬ್ ಸರ್ವರ್ ಪ್ರೋಗ್ರಾಂ ಹಾಕಿಬಿಡುತ್ತದೆ, ನೀವು ಕೈಯಾರೆ ಮಾಡಿ ಕಲಿಯಬೇಕಾದದ್ದೇ ತಪ್ಪಿಹೋಗುತ್ತದೆ.

ವರ್ಚುವಲ್‌ಬಾಕ್ಸ್ ತಾನಾಗಿ ಕೊಡುವ ನೆಟ್‌ವರ್ಕ್ ನ್ಯಾಟ್. ಅದರಲ್ಲಿ ಒಳಗಿನಿಂದ ಇಂಟರ್ನೆಟ್ ಸಿಗುತ್ತದೆ, ಹೊರಗಿನಿಂದ ಒಳಗೆ ದಾರಿಯಿಲ್ಲ. ವೆಬ್ ಸರ್ವರ್ ಹಾಕಿದ ಮೇಲೂ ವಿಂಡೋಸ್ ಬ್ರೌಸರಿನಲ್ಲಿ ಪುಟ ತೆರೆಯದಿರಲು ನೂರಕ್ಕೆ ತೊಂಬತ್ತು ಸಲ ಇದೇ ಕಾರಣ. ಮಶೀನಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ತೆರೆದು ಎರಡು ಸಾಲು ಸೇರಿಸಿ: ಹೋಸ್ಟ್ (ವಿಂಡೋಸ್) 2222ರಿಂದ ಗೆಸ್ಟ್ (ಡೆಬಿಯನ್) 22ಕ್ಕೆ, ಹೋಸ್ಟ್ 8080ರಿಂದ ಗೆಸ್ಟ್ 80ಕ್ಕೆ. ಈಗ ವಿಂಡೋಸ್ ಟರ್ಮಿನಲ್‌ನಿಂದ 127.0.0.1 ವಿಳಾಸದ 2222 ಪೋರ್ಟಿಗೆ ಎಸ್‌ಎಸ್‌ಎಚ್ ಮಾಡಬಹುದು, ಬ್ರೌಸರಿನಲ್ಲಿ 8080 ಪೋರ್ಟಿನಲ್ಲಿ ಪುಟ ನೋಡಬಹುದು. ಬ್ರಿಡ್ಜ್ ಮೋಡ್‌ನಲ್ಲಿ ಮನೆಯ ರೂಟರಿನಿಂದಲೇ ಮಶೀನಿಗೆ ಸ್ವಂತ ಐಪಿ ಸಿಗುತ್ತದೆ, ಫೋನಿನಲ್ಲೂ ಪುಟ ತೆರೆದು ನೋಡಬಹುದು. ಕೇಬಲ್ ಸಂಪರ್ಕದಲ್ಲಿ ಇದು ಸಲೀಸು. ವೈಫೈಯಲ್ಲಿ ಕೆಲವು ಅಡಾಪ್ಟರುಗಳು ಸಹಕರಿಸುವುದಿಲ್ಲ. ಲಾಗಿನ್ ಆದ ಕೂಡಲೇ, ಏನನ್ನೂ ಹಾಕುವ ಮುಂಚೆ, ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಎಷ್ಟೇ ಕೆಟ್ಟರೂ ಒಂದೆರಡು ನಿಮಿಷದಲ್ಲಿ ಅಲ್ಲಿಗೆ ಮರಳಬಹುದು.

ಮೊದಲ ಪಾಠ ಎಂಜಿನ್‌ಎಕ್ಸ್, ಅಪಾಚೆಯಂತೆಯೇ ಇನ್ನೊಂದು ವೆಬ್ ಸರ್ವರ್ ಪ್ರೋಗ್ರಾಂ. ಡೆಬಿಯನ್ನಿನಲ್ಲಿ ಆಪ್ಟ್ ಮೂಲಕ ಹಾಕಿದ ಸೇವೆ ಆ ಕ್ಷಣವೇ ಶುರುವಾಗುತ್ತದೆ, ಪ್ರತಿ ಬೂಟ್‌ನಲ್ಲೂ ತಾನೇ ಏಳುತ್ತದೆ. ಸ್ವಾಗತ ಪುಟ ಕಂಡ ಮೇಲೆ ಒಂದೇ ಸರ್ವರಿನಲ್ಲಿ ಎರಡು ಹೆಸರಿನ ಎರಡು ಸೈಟ್ ಮಾಡಿ. ‘ಸೈಟ್ಸ್-ಅವೈಲಬಲ್’ ಡೈರೆಕ್ಟರಿಯಲ್ಲಿ ಕಡತ ಬರೆದು, ‘ಸೈಟ್ಸ್-ಎನೇಬಲ್ಡ್’ನಲ್ಲಿ ಅದಕ್ಕೆ ಕೊಂಡಿ ಹಾಕಬೇಕು. ಹೆಸರುಗಳನ್ನು ವಿಂಡೋಸ್‌ನ ಹೋಸ್ಟ್ಸ್ ಕಡತಕ್ಕೆ ಸೇರಿಸಿ, ಕೊನೆಯಲ್ಲಿ ‘ಡಾಟ್ ಟೆಸ್ಟ್’ ಇರಲಿ. ಪ್ರಯೋಗಕ್ಕೆಂದೇ ಕಾದಿರಿಸಿದ ಡೊಮೇನ್ ಅದು. ‘ಡಾಟ್ ಡೆವ್’ ಬಳಸಿದರೆ ಬ್ರೌಸರ್ ಬಲವಂತವಾಗಿ ಎಚ್‌ಟಿಟಿಪಿಎಸ್‌ಗೆ ತಿರುಗಿಸುತ್ತದೆ, ಸರ್ಟಿಫಿಕೇಟ್ ಇಲ್ಲದೆ ಪುಟವೇ ತೆರೆಯುವುದಿಲ್ಲ. ‘ಡಾಟ್ ಲೋಕಲ್’ ಬಳಸಿದರೆ ಮನೆಯ ನೆಟ್‌ವರ್ಕಿನಲ್ಲಿ ಪ್ರಿಂಟರು, ಟಿವಿಗಳನ್ನು ಹುಡುಕುವ ವ್ಯವಸ್ಥೆಯೊಂದಿಗೆ ಡಿಕ್ಕಿ. ಪ್ರತಿ ಬದಲಾವಣೆಯ ನಂತರ ‘ಎಂಜಿನ್‌ಎಕ್ಸ್ -ಟಿ’ ಎಂದು ವ್ಯಾಕರಣ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ರೀಲೋಡ್ ಮಾಡಿ.

ಆಮೇಲೆ ಪಿಎಚ್‌ಪಿ. ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ‘ಪಿಎಚ್‌ಪಿ’ ಎಂಬ ಪ್ಯಾಕೇಜನ್ನೇ ಕೇಳಿದರೆ ಆಪ್ಟ್ ತನ್ನ ಮೊದಲ ಆಯ್ಕೆಯಾದ ಅಪಾಚೆ ಮಾಡ್ಯೂಲನ್ನೂ, ಅದರ ಬೆನ್ನಿಗೆ ಅಪಾಚೆಯನ್ನೂ ತಂದು ಹಾಕುತ್ತದೆ. ಈಗ 80ನೇ ಪೋರ್ಟಿಗೆ ಇಬ್ಬರು ದಾವೇದಾರರು. ಆ ಹೊತ್ತಿಗೆ ಏನೂ ಗೊತ್ತಾಗದಿರಬಹುದು. ಮುಂದಿನ ಬೂಟ್‌ನಲ್ಲಿ ಅಪಾಚೆ ಮೊದಲು ಎದ್ದರೆ ಎಂಜಿನ್‌ಎಕ್ಸ್ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದು ಕೈಚೆಲ್ಲುತ್ತದೆ. ಎಂಜಿನ್‌ಎಕ್ಸ್ ಜೊತೆಗೆ ಬೇಕಿರುವುದು ‘ಪಿಎಚ್‌ಪಿ-ಎಫ್‌ಪಿಎಂ’ (ಪಿಎಚ್‌ಪಿಯನ್ನು ಬೇರೆ ಸೇವೆಯಾಗಿ ಓಡಿಸುವ ಪ್ಯಾಕೇಜ್), ಅದನ್ನೇ ಹೆಸರು ಹಿಡಿದು ಕೇಳಿ. ಹಾಕಿದ ಮೇಲೂ ಬ್ರೌಸರ್ ಪುಟ ತೋರಿಸುವ ಬದಲು ಪಿಎಚ್‌ಪಿ ಕಡತವನ್ನೇ ಡೌನ್‌ಲೋಡ್ ಮಾಡಿಕೊಟ್ಟರೆ, ಆ ಸೈಟಿನ ಕಾನ್ಫಿಗರೇಷನ್ನಿನಲ್ಲಿ ಪಿಎಚ್‌ಪಿಯನ್ನು ಎಫ್‌ಪಿಎಂ ಸಾಕೆಟ್ಟಿಗೆ (ಎಫ್‌ಪಿಎಂ ಕೇಳಿಸಿಕೊಳ್ಳುವ ಕಡತಕ್ಕೆ) ಕಳಿಸುವ ತುಂಡು ಇಲ್ಲ ಎಂದು ತಿಳಿಯಿರಿ. 502 (ಹಿಂದಿನ ಸೇವೆ ಉತ್ತರಿಸುತ್ತಿಲ್ಲ ಎಂಬ ದೋಷ) ಬಂದರೆ ತುಂಡು ಇದೆ, ಆದರೆ ಸಾಕೆಟ್ ಹೆಸರು ತಪ್ಪು ಅಥವಾ ಎಫ್‌ಪಿಎಂ ನಿಂತಿದೆ. ಆ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಸೇರಿರುತ್ತದೆ. ಹಳೆಯ ಟ್ಯುಟೋರಿಯಲ್‌ನಿಂದ 8.2 ಎಂದು ನಕಲು ಮಾಡಿದರೆ 8.4 ಇರುವ ಮಶೀನಿನಲ್ಲಿ ಓಡದು.

403 (ಅನುಮತಿ ಇಲ್ಲ ಎಂಬ ದೋಷ) ಬರುವುದು ಹೆಚ್ಚಾಗಿ ಸೈಟನ್ನು ನಿಮ್ಮ ಹೋಮ್ ಡೈರೆಕ್ಟರಿಯೊಳಗೆ ಇಟ್ಟಾಗ. ವೆಬ್ ಸರ್ವರ್ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬೇರೆಯೇ ಬಳಕೆದಾರನಾಗಿ ಓಡುತ್ತದೆ. ಕಡತ ಓದುವ ಅನುಮತಿ ಇದ್ದರಷ್ಟೇ ಸಾಲದು, ಅಲ್ಲಿಗೆ ಹೋಗುವ ದಾರಿಯ ಪ್ರತಿ ಡೈರೆಕ್ಟರಿಯನ್ನೂ ದಾಟುವ ಅನುಮತಿ ಅದಕ್ಕೆ ಬೇಕು. ಉಬುಂಟು 21.04ರಿಂದ ಹೋಮ್ ಡೈರೆಕ್ಟರಿಯ ಅನುಮತಿ 750, ಹೊರಗಿನವರಿಗೆ ಬಾಗಿಲು ಮುಚ್ಚಿದೆ. ‘ನೇಮ್‌ಐ -ಎಲ್’ ಕಮಾಂಡಿಗೆ ಕಡತದ ಪೂರ್ತಿ ದಾರಿ ಕೊಟ್ಟರೆ ಎಲ್ಲಿ ತಡೆಯಿದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಎಲ್ಲಕ್ಕೂ 777 (ಯಾರು ಬೇಕಾದರೂ ಓದಿ ಬರೆಯುವ ಅನುಮತಿ) ಕೊಟ್ಟುಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಅದು. ಸೈಟನ್ನು ‘ವಾರ್’ ಕೆಳಗಿನ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಡೈರೆಕ್ಟರಿಯಲ್ಲಿ ಇಡಿ, ಡೈರೆಕ್ಟರಿಗಳಿಗೆ 755, ಕಡತಗಳಿಗೆ 644 ಸಾಕು.

ಡೇಟಾಬೇಸ್ ವಿಷಯ ಚಿಕ್ಕದು. ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ಸಿಗುವುದು ಮರಿಯಾಡಿಬಿ, ಮೈಎಸ್‌ಕ್ಯೂಎಲ್ ಅಲ್ಲ. ಕಲಿಕೆಗೆ ವ್ಯತ್ಯಾಸ ಬಾರದು. ಅದರ ರೂಟ್ ಖಾತೆ ಪಾಸ್‌ವರ್ಡ್ ಕೇಳುವುದಿಲ್ಲ, ಲಿನಕ್ಸ್‌ನ ರೂಟ್ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತದೆ. ಹಾಗಾಗಿ ‘ಸುಡೊ ಮರಿಯಾಡಿಬಿ’ ಎಂದರೆ ಒಳಗೆ ಬಿಡುತ್ತದೆ, ಪಿಎಚ್‌ಪಿಯಿಂದ ರೂಟ್ ಹೆಸರಿನಲ್ಲಿ ಹೋದರೆ ‘ಆಕ್ಸೆಸ್ ಡಿನೈಡ್’. ಪ್ರತಿ ಸೈಟಿಗೂ ಬೇರೆ ಬಳಕೆದಾರನನ್ನು ಸೃಷ್ಟಿಸಿ, ಆ ಒಂದು ಡೇಟಾಬೇಸಿನ ಅಧಿಕಾರ ಮಾತ್ರ ಕೊಡಿ.

ಜಾವಾಸ್ಕ್ರಿಪ್ಟ್ ಬರುತ್ತದೆ ಅಂದಿರಿ, ನೋಡ್ ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಕಡೆಗೂ ಹೋಗುತ್ತೀರಿ. ನೋಡ್ ಆಪ್ ಒಂದನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ವ್ಯವಸ್ಥೆ) ಸೇವೆಯಾಗಿ ಓಡಿಸಿ, ಎದುರಿಗೆ ಎಂಜಿನ್‌ಎಕ್ಸ್ ಅನ್ನು ರಿವರ್ಸ್ ಪ್ರಾಕ್ಸಿಯಾಗಿ (ಬಂದ ಕೋರಿಕೆಯನ್ನು ಹಿಂದಿನ ಆಪ್‌ಗೆ ದಾಟಿಸುವ ಮಧ್ಯವರ್ತಿಯಾಗಿ) ನಿಲ್ಲಿಸುವುದು ಈ ಇಡೀ ಕಲಿಕೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಅಭ್ಯಾಸ. ಸೇವೆಯ ಕಡತದಲ್ಲಿ ಯಾವ ಬಳಕೆದಾರ, ಯಾವ ಡೈರೆಕ್ಟರಿ, ಯಾವ ಕಮಾಂಡ್, ಬಿದ್ದರೆ ಮತ್ತೆ ಏಳಬೇಕೇ ಎಂಬ ನಾಲ್ಕು ಸಾಲು ಸಾಕು. ಸೇವೆ ಶುರುವಾಗದೆ ಸ್ಟೇಟಸ್‌ನಲ್ಲಿ 203 ಎಂದು ಬಂದರೆ ಓಡಿಸಬೇಕಾದ ಪ್ರೋಗ್ರಾಮೇ ಸಿಸ್ಟಮ್‌ಡಿಗೆ ಸಿಕ್ಕಿಲ್ಲ. ಎನ್‌ವಿಎಂ (ನೋಡ್‌ನ ಬೇರೆ ಬೇರೆ ಆವೃತ್ತಿ ಹಾಕಿಕೊಡುವ ಸಲಕರಣೆ) ಮೂಲಕ ನೋಡ್ ಹಾಕಿದವರಿಗೆ ಇದು ತಪ್ಪಿದ್ದಲ್ಲ: ಎನ್‌ವಿಎಂ ತೋರಿಸುವ ದಾರಿ ನಿಮ್ಮ ಶೆಲ್‌ಗೆ ಮಾತ್ರ ಗೊತ್ತು, ಸಿಸ್ಟಮ್‌ಡಿಗಲ್ಲ. ಪೂರ್ತಿ ದಾರಿ ಬರೆಯಿರಿ, ಅಥವಾ ಆಪ್ಟ್‌ನಿಂದಲೇ ನೋಡ್ ಹಾಕಿಕೊಳ್ಳಿ. ಪೈಥಾನ್ ಬಳಸುವುದಾದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಸಲಕರಣೆ) ತಡೆಯುತ್ತದೆ. ಅದು ದೋಷವಲ್ಲ, ಸಿಸ್ಟಮ್ಮಿನ ಪೈಥಾನ್ ಕೆಡದಿರಲಿ ಎಂದು ಹಾಕಿದ ಬೇಲಿ. ವೆನ್ವ್ (ಪ್ರಾಜೆಕ್ಟಿಗೇ ಮೀಸಲಾದ ಪೈಥಾನ್ ಆವರಣ) ಮಾಡಿ ಅದರೊಳಗೆ ಹಾಕಿ.

ಪುಟ ತೆರೆಯದಿದ್ದಾಗ ಗಾಬರಿಯಿಂದ ಕಂಡದ್ದನ್ನೆಲ್ಲ ಬದಲಿಸಬೇಡಿ, ದೋಷದ ಮಾತನ್ನೇ ಗಮನಿಸಿ. ಸರ್ವರಿನ ಐಪಿಗೆ ನೇರವಾಗಿ ಕೇಳಿದಾಗ ‘ಕನೆಕ್ಷನ್ ರಿಫ್ಯೂಸ್ಡ್’ ಬಂದರೆ ಸಾಮಾನ್ಯವಾಗಿ ಆ ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ‘ಟೈಮ್ಡ್ ಔಟ್’ ಬಂದರೆ ನಡುವೆ ಫೈರ್‌ವಾಲ್ ನುಂಗುತ್ತಿದೆ, ಇಲ್ಲವೇ ವಿಳಾಸವೇ ತಪ್ಪು. ಸರ್ವರ್ ಒಳಗೆ ಹೋಗಿ ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಎಂದರೆ ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಂ ಕೂತಿದೆ ಎಂಬ ಪಟ್ಟಿ ಸಿಗುತ್ತದೆ, ಸುಡೊ ಇಲ್ಲದಿದ್ದರೆ ಪ್ರೋಗ್ರಾಂ ಹೆಸರು ಕಾಣದು. ಅಲ್ಲಿ 127.0.0.1 ಎಂದಿದ್ದರೆ ಆ ಮಶೀನಿನ ಒಳಗಿನವರಿಗೆ ಮಾತ್ರ ಕೇಳಿಸುತ್ತದೆ, 0.0.0.0 ಎಂದಿದ್ದರೆ ಎಲ್ಲರಿಗೂ. ನಂತರ ‘ಜರ್ನಲ್‌ಸಿಟಿಎಲ್ -ಯು’ ಜೊತೆ ಸೇವೆಯ ಹೆಸರು ಕೊಟ್ಟು ಲಾಗ್ ನೋಡಿ. ಎಂಜಿನ್‌ಎಕ್ಸ್‌ನದೇ ಎರರ್ ಲಾಗ್ ಬೇರೆ ಇದೆ, ‘ವಾರ್’ ಕೆಳಗಿನ ‘ಲಾಗ್’ ಡೈರೆಕ್ಟರಿಯಲ್ಲಿ.

ಇಷ್ಟು ಕೈಗೆ ಹತ್ತಿದ ಮೇಲೆ, ಎರಡು ಮೂರು ತಿಂಗಳು ಬಿಟ್ಟು, ಇದನ್ನೇ ಅಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್‌ನಲ್ಲಿ ಮತ್ತೆ ಕಟ್ಟಿ. ಇವೆರಡೂ ಸೇರಿರುವ ರೆಡ್ ಹ್ಯಾಟ್ ಕುಟುಂಬ ಕಚೇರಿಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಮೊದಲು ಈ ಜಾಗದಲ್ಲಿ ಸೆಂಟ್‌ಒಎಸ್ ಇತ್ತು; ಅದರ 8ನೇ ಆವೃತ್ತಿಯ ಬೆಂಬಲ 2021ರ ಕೊನೆಗೆ, 7ನೆಯದರದು 2024ರ ಜೂನ್ 30ಕ್ಕೆ ಮುಗಿದಿದೆ. ಹಾಗಾಗಿ ಸೆಂಟ್‌ಒಎಸ್ 7ಕ್ಕೆ ಬರೆದ ಟ್ಯುಟೋರಿಯಲ್ ಸಿಕ್ಕರೆ ಪಕ್ಕಕ್ಕಿಡಿ. ಈ ಕುಟುಂಬದಲ್ಲಿ ಅಪಾಚೆಯ ಹೆಸರು ‘ಎಚ್‌ಟಿಟಿಪಿಡಿ’, ಸೈಟ್ಸ್-ಎನೇಬಲ್ಡ್ ಪದ್ಧತಿಯಿಲ್ಲ, ‘ಕಾನ್ಫ್.ಡಿ’ ಡೈರೆಕ್ಟರಿ ಇದೆ, ಹಾಕಿದ ಸೇವೆ ತಾನಾಗಿ ಏಳುವುದಿಲ್ಲ, ‘ಎನೇಬಲ್’ ಮಾಡಬೇಕು. ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಮೊದಲಿನಿಂದಲೇ ಚಾಲೂ. ಅದು ತಡೆದಾಗ ಲಿನಕ್ಸ್‌ನಿಂದ ‘ಕರ್ಲ್ -ವಿ’ (ಟರ್ಮಿನಲ್‌ನಿಂದ ಪುಟ ತರಿಸುವ ಕಮಾಂಡ್) ಕೊಟ್ಟರೆ ‘ನೋ ರೂಟ್ ಟು ಹೋಸ್ಟ್’ ಎನ್ನುತ್ತದೆ. ಕೇಬಲ್ಲೇ ಕಳಚಿದೆಯೇನೋ ಎಂದು ಹುಡುಕುತ್ತಾ ಕೂರಬೇಡಿ, ಎಚ್‌ಟಿಟಿಪಿ ಸೇವೆಗೆ ಫೈರ್‌ವಾಲ್‌ಡಿಯಲ್ಲಿ ಅನುಮತಿ ಕೊಡಿ.

ಅಲ್ಲಿನ ದೊಡ್ಡ ಪಾಠ ಎಸ್‌ಇಲಿನಕ್ಸ್. ಸಾಮಾನ್ಯ ಅನುಮತಿಗಳ ಮೇಲೆ ಅದು ಪ್ರತಿ ಕಡತಕ್ಕೂ ಪ್ರತಿ ಪ್ರಕ್ರಿಯೆಗೂ ಒಂದು ಲೇಬಲ್ ಹಚ್ಚುತ್ತದೆ. ಹೋಮ್‌ನಲ್ಲಿದ್ದ ಕಡತವನ್ನು ‘ಎಂವಿ’ ಮಾಡಿ ವೆಬ್ ಡೈರೆಕ್ಟರಿಗೆ ಒಯ್ದರೆ ಹಳೆಯ ಲೇಬಲ್ ಅಂಟಿಕೊಂಡೇ ಬರುತ್ತದೆ. 644 ಇದ್ದರೂ 403. ‘ರಿಸ್ಟೋರ್‌ಕಾನ್’ ಕಮಾಂಡಿನಿಂದ ಲೇಬಲ್ ಸರಿಯಾಗುತ್ತದೆ. ‘ಸಿಪಿ’ ಮಾಡಿದ್ದರೆ ಹೊಸ ಜಾಗದ ಲೇಬಲ್ ಸಿಗುತ್ತಿತ್ತು, ಈ ತೊಂದರೆ ಬರುತ್ತಿರಲಿಲ್ಲ. ಡೆಬಿಯನ್ನಿನಲ್ಲಿ ಚೆನ್ನಾಗಿ ಓಡುತ್ತಿದ್ದ ರಿವರ್ಸ್ ಪ್ರಾಕ್ಸಿಯೂ ಇಲ್ಲಿ 502 ಕೊಡಬಹುದು, ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಎಂಬ ಸಾಲಿನೊಡನೆ. ವೆಬ್ ಸರ್ವರ್ ತಾನಾಗಿ ಬೇರೆ ಪೋರ್ಟಿಗೆ ಸಂಪರ್ಕ ಮಾಡುವುದನ್ನು ಎಸ್‌ಇಲಿನಕ್ಸ್ ತಡೆದಿರುತ್ತದೆ. ‘ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್’ ಎಂಬ ಬೂಲಿಯನ್ ಆನ್ ಮಾಡಬೇಕು, ರೀಬೂಟ್ ಆದರೂ ಉಳಿಯಲು ‘-ಪಿ’ ಸೇರಿಸಬೇಕು. ಎಸ್‌ಇಲಿನಕ್ಸ್ ಅನ್ನೇ ಆರಿಸಿಬಿಡಿ ಎನ್ನುವವರ ಮಾತು ಕೇಳಿದರೆ ಈ ಕುಟುಂಬಕ್ಕೆ ಬಂದದ್ದೇ ದಂಡ.

ಡಾಕರ್ (ಕಂಟೇನರ್ ಓಡಿಸುವ ಸಾಫ್ಟ್‌ವೇರ್) ಕಲಿಯುವ ಆಸೆ ಇದ್ದರೆ ಸರ್ವರನ್ನು ಒಮ್ಮೆ ಕೈಯಾರೆ ಕಟ್ಟಿದ ಮೇಲೆ ಹೋಗಿ. ಅಲ್ಲೊಂದು ಎಚ್ಚರ: ಡಾಕರ್ ತೆರೆದ ಪೋರ್ಟುಗಳು ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲಿನ ನಿಯಮಗಳನ್ನು ದಾಟಿ ಹೊರಗೆ ಕಾಣುತ್ತವೆ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್‌ನ ಡಬ್ಲ್ಯುಎಸ್‌ಎಲ್ 2 ಕೋಡ್ ಬರೆಯಲು ಅನುಕೂಲ, ಅದರಲ್ಲೀಗ ಸಿಸ್ಟಮ್‌ಡಿಯೂ ಓಡುತ್ತದೆ. ಆದರೆ ಬೂಟ್, ನೆಟ್‌ವರ್ಕ್, ಡಿಸ್ಕ್ ಎಲ್ಲವೂ ವಿಂಡೋಸ್ ಕೈಯಲ್ಲಿರುವುದರಿಂದ ಸರ್ವರ್ ನಿರ್ವಹಣೆಯ ಅರ್ಧ ಪಾಠ ಅಲ್ಲಿಲ್ಲ. ಬಳಸುವುದಾದರೆ ಕಡತಗಳನ್ನು ಲಿನಕ್ಸ್ ಕಡೆಯಲ್ಲೇ ಇಡಿ; ಸಿ ಡ್ರೈವ್‌ನಲ್ಲಿಟ್ಟರೆ ಓದು ಬರಹ ತೀರಾ ನಿಧಾನ.

ಹಳೆಯ ಲ್ಯಾಪ್‌ಟಾಪ್ ಈಗ ಕೆಲಸಕ್ಕೆ ಬರುತ್ತದೆ. ಡೆಬಿಯನ್ನನ್ನು ಅದರಲ್ಲಿ ನೇರವಾಗಿ ಹಾಕಿ, ಕೇಬಲ್‌ನಿಂದ ರೂಟರಿಗೆ ಜೋಡಿಸಿ, ರೂಟರಿನಲ್ಲಿ ಅದಕ್ಕೆ ಒಂದೇ ಐಪಿ ಕಾದಿರಿಸಿ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರುವುದನ್ನು ತಪ್ಪಿಸಲು ಸಿಸ್ಟಮ್‌ಡಿಯ ‘ಲಾಗಿನ್‌ಡಿ.ಕಾನ್ಫ್’ ಕಡತದಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್’ ಸಾಲಿಗೆ ‘ಇಗ್ನೋರ್’ ಎಂದು ಕೊಡಿ. ಇಂಟರ್ನೆಟ್ಟಿಗೆ ಮಾತ್ರ ಇನ್ನೂ ತೆರೆಯಬೇಡಿ. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಮಾತ್ರ ಬಳಸುವುದು, ಭದ್ರತಾ ಅಪ್‌ಡೇಟುಗಳು ತಾವಾಗಿ ಬೀಳುವುದು ಇವೆರಡೂ ಆದ ಮೇಲೆ ಆ ಮಾತು. ಅದರ ಸಿಪಿಯುವನ್ನೂ ಒಮ್ಮೆ ನೋಡಿಕೊಳ್ಳಿ. ತೀರಾ ಹಳೆಯ 32 ಬಿಟ್ ಆಗಿದ್ದರೆ ಡೆಬಿಯನ್ 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ. 64 ಬಿಟ್ ಆಗಿದ್ದರೆ ಡೆಬಿಯನ್ನಿಗೆ ಅಡ್ಡಿಯಿಲ್ಲ, ಆದರೆ ರಾಕಿ ಲಿನಕ್ಸ್ 10 ಇನ್ನೂ ಹೊಸ ಪೀಳಿಗೆಯ ಸಿಪಿಯು ಕೇಳುತ್ತದೆ. ‘ಎಲ್‌ಎಸ್‌ಸಿಪಿಯು’ ಕಮಾಂಡಿನ ಫ್ಲಾಗ್ಸ್ ಸಾಲಿನಲ್ಲಿ ‘ಎವಿಎಕ್ಸ್2’ ಕಾಣದಿದ್ದರೆ ಅದು ಆ ಮಶೀನಿನಲ್ಲಿ ಏಳುವುದಿಲ್ಲ. 9ನೇ ಆವೃತ್ತಿಯಲ್ಲೋ, ಹಳೆಯ ಸಿಪಿಯುಗಳಿಗೆಂದು ಅಲ್ಮಾಲಿನಕ್ಸ್ 10 ಬೇರೆಯಾಗಿ ಕೊಡುವ ವಿ2 ಇಮೇಜಿನಲ್ಲೋ ಅಭ್ಯಾಸ ಮಾಡಿ.